ನೆತ್ತಿಗೊಂದು, ಜಡೆಗೊಂದು: ತುರಿಕೆ, ಹೊಟ್ಟು, ಕೆದರುವ ಉದ್ದ ಕೂದಲಿಗೆ ಯಾವುದನ್ನು ಆರಿಸಬೇಕು?

ತಲೆ ತುರಿಸುತ್ತದೆ. ಬಾಚಿದರೆ ಹೆಗಲ ಮೇಲೆ ಬಿಳಿ ಪುಡಿ. ಸೊಂಟದವರೆಗಿನ ಜಡೆ ನೋಡಿದರೆ ಒಣಗಿ ಕೆದರಿ ನಿಂತಿದೆ. ಇಷ್ಟು ಹೇಳಿದರೆ ಸಾಕು, ಸುತ್ತಲಿನವರೆಲ್ಲ ಒಂದೊಂದು ಮದ್ದು ಹೇಳುತ್ತಾರೆ. ಅಜ್ಜಿ ಎಣ್ಣೆ ತಟ್ಟು ಅನ್ನುತ್ತಾರೆ. ಅಕ್ಕ ಸಲ್ಫೇಟ್ ಇಲ್ಲದ ಶಾಂಪೂ ತಗೋ ಅನ್ನುತ್ತಾಳೆ. ಪಾರ್ಲರಿನವರು ಕೂದಲು ನುಣುಪು ಮಾಡುವ ಕೆರಾಟಿನ್ ಮಾಡಿಸಿ ಅನ್ನುತ್ತಾರೆ. ಎಲ್ಲರ ಮಾತಿನಲ್ಲೂ ಸ್ವಲ್ಪ ನಿಜ ಇದೆ. ಆದರೆ ಯಾರೂ ಒಂದು ವಿಷಯ ಬಿಡಿಸಿ ಹೇಳುವುದಿಲ್ಲ: ಇಲ್ಲಿರುವುದು ಎರಡು ಬೇರೆ ಬೇರೆ ತೊಂದರೆ.

ತಲೆಯ ಚರ್ಮ ಜೀವ ಇರುವ ಜಾಗ. ಅಲ್ಲಿ ಜಿಡ್ಡು ಹುಟ್ಟುತ್ತದೆ, ಬೆವರು ಬರುತ್ತದೆ, ಹಳೆ ಪದರ ಉದುರಿ ಹೊಸದು ಬರುತ್ತದೆ. ಹೊರಗೆ ಬಂದ ಕೂದಲಿಗೆ ಜೀವ ಇಲ್ಲ. ಅದು ಬರೀ ನಾರು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ 60 ಸೆಂಟಿಮೀಟರ್ ಜಡೆಯ ತುದಿ 5 ವರ್ಷ ಹಳೆಯದು. ಅಷ್ಟು ವರ್ಷದ ಬಿಸಿಲು, ಬಾಚಣಿಗೆ, ಬೋರ್‌ವೆಲ್ ನೀರು ಎಲ್ಲವನ್ನೂ ಅದು ತಿಂದಿರುತ್ತದೆ. ನೆತ್ತಿಯ ಜಿಡ್ಡು ಅಲ್ಲಿಯವರೆಗೆ ಇಳಿಯುವುದೇ ಇಲ್ಲ. ಹಾಗಾಗಿ ನೆತ್ತಿ ಜಿಡ್ಡಾಗಿದ್ದು ತುದಿ ಒಣಗಿರುವುದು ವಿಚಿತ್ರವೇನಲ್ಲ, ಉದ್ದ ಕೂದಲಿನವರಲ್ಲಿ ಅದೇ ಮಾಮೂಲು. ಎರಡಕ್ಕೂ ಒಂದೇ ಬಾಟಲಿ ಹುಡುಕುವುದನ್ನು ಬಿಟ್ಟರೆ ಅರ್ಧ ಗೊಂದಲ ಕಳೆಯುತ್ತದೆ.

ಮೊದಲು ನೋಡಬೇಕಾದದ್ದು: ಒಣ ಚರ್ಮವೋ, ಹೊಟ್ಟೋ?

ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಯಾಕೆಂದರೆ ಒಂದಕ್ಕೆ ಎಣ್ಣೆ ಮದ್ದು, ಇನ್ನೊಂದಕ್ಕೆ ಅದೇ ಎಣ್ಣೆ ಮೇವು.

ಬರೀ ಒಣಗಿದ ಚರ್ಮವಾದರೆ ಉದುರುವ ಪುಡಿ ಸಣ್ಣಗೆ, ಬೆಳ್ಳಗೆ, ಒಣಗಿರುತ್ತದೆ. ಕೊಡವಿದರೆ ಹಾರಿಹೋಗುತ್ತದೆ. ತಲೆ ಬಿಗಿದ ಹಾಗೆ ಅನ್ನಿಸುತ್ತದೆ, ಸ್ನಾನ ಆದ ತಕ್ಷಣ ಇನ್ನೂ ಜಾಸ್ತಿ. ಕೈಕಾಲಿನ ಚರ್ಮವೂ ಒಡೆದಿರುತ್ತದೆ. ಡಿಸೆಂಬರ್, ಜನವರಿಯ ಒಣ ಚಳಿಯಲ್ಲಿ ಶುರುವಾಗಿ ಮಳೆಗಾಲಕ್ಕೆ ತಾನೇ ಕಡಿಮೆಯಾಗುತ್ತದೆ. ಹೊರದೇಶದಲ್ಲಿರುವ ನಮ್ಮವರಿಗೆ ಇದು ಚೆನ್ನಾಗಿ ಗೊತ್ತು. ಚಳಿಗಾಲವಿಡೀ ಮನೆಯೊಳಗೆ ಹೀಟರ್ ಓಡುತ್ತಿದ್ದರೆ ಗಾಳಿಯಲ್ಲಿ ತೇವವೇ ಇರುವುದಿಲ್ಲ.

ಹೊಟ್ಟು ಬೇರೆ. ಅದರ ಚೂರು ದೊಡ್ಡದು, ಸ್ವಲ್ಪ ಹಳದಿ, ಬೆರಳಲ್ಲಿ ತಿಕ್ಕಿದರೆ ಜಿಡ್ಡು ಹತ್ತುತ್ತದೆ. ನೆತ್ತಿಗೆ ಅಂಟಿಕೊಂಡಿರುತ್ತದೆ. ಹುಬ್ಬು, ಮೂಗಿನ ಪಕ್ಕ, ಕಿವಿಯ ಹಿಂದೆಯೂ ಕೆಂಪಾಗಿ ಸಿಪ್ಪೆ ಏಳಬಹುದು. ಬೆವರಿದಾಗ, ಹೆಲ್ಮೆಟ್ ಹಾಕಿ ಟ್ರಾಫಿಕ್‌ನಲ್ಲಿ ನಿಂತಾಗ, ಪರೀಕ್ಷೆಯ ಟೆನ್ಷನ್ ಇದ್ದಾಗ ಜಾಸ್ತಿಯಾಗುತ್ತದೆ. ಇದಕ್ಕೆ ಕಾರಣ ಮಲಸೇಜಿಯಾ ಎಂಬ ಯೀಸ್ಟ್, ಒಂದು ಬಗೆಯ ಶಿಲೀಂಧ್ರ. ಅದು ಎಲ್ಲರ ತಲೆಯ ಮೇಲೂ ಇದೆ, ಕೊಳೆಯಿಂದ ಬರುವುದಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದೂ ಅಲ್ಲ. ತನಗೆ ಬೇಕಾದ ಕೊಬ್ಬನ್ನು ತಾನೇ ತಯಾರಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಹಾಗಾಗಿ ನಮ್ಮ ನೆತ್ತಿಯ ಜಿಡ್ಡನ್ನು ಒಡೆದು ತಿನ್ನುತ್ತದೆ. ಆಗ ಓಲಿಯಿಕ್ ಆಮ್ಲ ಎಂಬ ಕೊಬ್ಬಿನ ಆಮ್ಲ ಉಳಿಯುತ್ತದೆ. ಕೆಲವರ ಚರ್ಮಕ್ಕೆ ಅದು ಒಗ್ಗುವುದಿಲ್ಲ. ಕೆರೆತ ಶುರುವಾಗುತ್ತದೆ, ಚರ್ಮ ಅವಸರದಲ್ಲಿ ಪದರ ಉದುರಿಸುತ್ತದೆ.

ಗೊತ್ತಾಗದಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಎರಡು ವಾರ ನೆತ್ತಿಗೆ ಎಣ್ಣೆ ಹಾಕಬೇಡಿ, ಸಾಧಾರಣ ಶಾಂಪೂವಿನಲ್ಲಿ ವಾರಕ್ಕೆ ಎರಡು ಮೂರು ಸಲ ತೊಳೆಯಿರಿ. ಬಿಗಿತ, ಪುಡಿ ಜಾಸ್ತಿಯಾದರೆ ಒಣ ಚರ್ಮ. ಕಡಿಮೆಯಾದರೆ ಹೊಟ್ಟು ಅಂತ ಅಂದುಕೊಳ್ಳಬಹುದು.

ಶಾಲೆಗೆ ಹೋಗುವ ಹೆಣ್ಣುಮಕ್ಕಳಾದರೆ ಇನ್ನೊಂದು ಕಡೆಯೂ ಕಣ್ಣಿರಲಿ. ಹೊಟ್ಟು ಕೂದಲಿನಿಂದ ಜಾರಿ ಬೀಳುತ್ತದೆ, ಹೇನಿನ ಸೀರು ಎಳೆಗೆ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಕಿವಿಯ ಹಿಂದೆ, ಹಿಂಗತ್ತಿನ ಹತ್ತಿರ ಹುಡುಕಿ.

ಎಣ್ಣೆ: ಯಾವುದು, ಎಲ್ಲಿಗೆ?

ನಮ್ಮಲ್ಲಿ ಎಣ್ಣೆಯ ಬಗ್ಗೆ ಮಾತಾಡುವುದು ಸ್ವಲ್ಪ ನಾಜೂಕಿನ ಕೆಲಸ. ನರಕ ಚತುರ್ದಶಿಯ ಎಣ್ಣೆಸ್ನಾನ, ಅಮ್ಮನ ಕೈಯಲ್ಲಿ ತಲೆ ತಟ್ಟಿಸಿಕೊಳ್ಳುವ ಸುಖ, ಇದಕ್ಕೆಲ್ಲ ಯಾರೂ ಅಡ್ಡ ಬರಬೇಕಿಲ್ಲ. ಆದರೆ ಹೊಟ್ಟು ಇರುವ ನೆತ್ತಿಗೆ ಎಣ್ಣೆ ಹಚ್ಚಿ ವಾರಗಟ್ಟಲೆ ಬಿಡುವುದು ಬೇಡ. ಎಣ್ಣೆ ಹಚ್ಚಿದಾಗ ಪುಡಿ ಒದ್ದೆಯಾಗಿ ಅಂಟಿಕೊಳ್ಳುತ್ತದೆ, ಕಾಣುವುದಿಲ್ಲ. ಅದಕ್ಕೇ ಕಡಿಮೆಯಾಯಿತು ಅನ್ನಿಸುವುದು. ತೊಳೆದ ಎರಡು ದಿನಕ್ಕೆ ಮತ್ತೆ ಹಾಜರು.

ಉದ್ದ ಕೂದಲಿಗೆ ಮಾತ್ರ ಕೊಬ್ಬರಿ ಎಣ್ಣೆಗೆ ನನ್ನ ಪೂರ್ತಿ ಓಟು. ಇದು ಬರೀ ಅಭಿಮಾನದ ಮಾತಲ್ಲ. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚಿರುವುದು ಲಾರಿಕ್ ಆಮ್ಲ. ಅದರ ಕಣ ಚಿಕ್ಕದು, ನೇರವಾಗಿದೆ, ಎಳೆಯ ಒಳಗೆ ಇಳಿಯುತ್ತದೆ. 2003ರಲ್ಲಿ ಮುಂಬೈಯ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದರು. ಕೂದಲಿನಿಂದ ಪ್ರೋಟೀನ್ ಸೋರಿಹೋಗುವುದನ್ನು ತಡೆದದ್ದು ಕೊಬ್ಬರಿ ಎಣ್ಣೆ ಮಾತ್ರ. ಆ ಸಂಶೋಧಕರು ಕೊಬ್ಬರಿ ಎಣ್ಣೆ ಮಾರುವ ಮ್ಯಾರಿಕೋ ಕಂಪನಿಯವರು ಅನ್ನುವುದನ್ನೂ ಹೇಳಿಬಿಡಬೇಕು. ಹಾಗಂತ ಫಲಿತಾಂಶ ಸುಳ್ಳಲ್ಲ, ಕಾರಣ ಸರಿಯಾಗಿಯೇ ಇದೆ. ಗಮನಿಸಬೇಕಾದದ್ದು ಹಚ್ಚುವ ಹೊತ್ತು. ತಲೆಸ್ನಾನಕ್ಕೆ ಮೊದಲು ಹಚ್ಚಿದರೆ ಲಾಭ ಹೆಚ್ಚು, ಯಾಕೆಂದರೆ ತೊಳೆಯುವಾಗ ಕೂದಲು ನೀರು ಕುಡಿದು ಉಬ್ಬುವುದನ್ನು ಅದು ತಡೆಯುತ್ತದೆ. ಕಿವಿಯಿಂದ ಕೆಳಗೆ, ತುದಿಯವರೆಗೆ, ಹಿಂದಿನ ರಾತ್ರಿಯೇ ಹಚ್ಚಿ ಜಡೆ ಹಾಕಿ ಮಲಗಬಹುದು.

ಎಳ್ಳೆಣ್ಣೆ ಸ್ವಲ್ಪ ದಪ್ಪ, ವಾಸನೆಯೂ ಬೇರೆ. ಒಣ ಚರ್ಮದವರಿಗೆ ಚಳಿಗಾಲದಲ್ಲಿ ಹಿತ. ಹೊಟ್ಟು ಇದ್ದವರು ನೆತ್ತಿಗೆ ಹಾಕಬೇಡಿ. ಆಲಿವ್ ಎಣ್ಣೆಯಂತೂ ಮುಖ್ಯವಾಗಿ ಓಲಿಯಿಕ್ ಆಮ್ಲವೇ, ಅಂದರೆ ಹೊಟ್ಟಿನಲ್ಲಿ ಉರಿ ಎಬ್ಬಿಸುವ ಅದೇ ವಸ್ತು. ದುಬಾರಿ ಬಾಟಲಿ ಅಂತ ನೆತ್ತಿಗೆ ಸುರಿಯಬೇಡಿ. ಸಾಸಿವೆ ಎಣ್ಣೆ ಕೆಲವರ ಚರ್ಮಕ್ಕೆ ಉರಿ.

ಹರಳೆಣ್ಣೆಯ ಬಗ್ಗೆ ಎಚ್ಚರಿಕೆ ಬೇಕು. ಕೂದಲು ದಟ್ಟವಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದಕ್ಕೆ ಗಟ್ಟಿ ಆಧಾರ ಇಲ್ಲ. ಅಂಟು ಮಾತ್ರ ವಿಪರೀತ. ಉದ್ದ ಕೂದಲಿಗೆ ಹಚ್ಚಿ, ತಲೆಯ ಮೇಲೆ ರಾಶಿ ಮಾಡಿ ಗಸಗಸ ತಿಕ್ಕಿದರೆ ಬಿಡಿಸಲಾಗದ ಸಿಕ್ಕು ಆಗಬಹುದು. 2017ರಲ್ಲಿ ನಮ್ಮ ದೇಶದ ಚರ್ಮವೈದ್ಯರೇ ಅಂಥ ಒಬ್ಬ ಯುವತಿಯ ಪ್ರಕರಣ ವರದಿ ಮಾಡಿದ್ದಾರೆ. ಆ ಯುವತಿಯ ಕೂದಲು ಒಂದೇ ಗಂಟಾಗಿ, ಕೊನೆಗೆ ಕತ್ತರಿಸುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಬೇಕೇ ಬೇಕು ಅಂದರೆ ಕೊಬ್ಬರಿ ಎಣ್ಣೆಯಲ್ಲಿ ಒಂದೆರಡು ಚಮಚ ಬೆರೆಸಿ.

ಅಂಗಡಿಯ ಬಣ್ಣದ, ಪರಿಮಳದ ಎಣ್ಣೆಗಳ ಲೇಬಲ್ ಓದಿ ನೋಡಿ. ಹಲವದರಲ್ಲಿ ಮೊದಲ ಹೆಸರು ಲೈಟ್ ಲಿಕ್ವಿಡ್ ಪ್ಯಾರಾಫಿನ್, ಅಂದರೆ ಮಿನರಲ್ ಆಯಿಲ್. ಅದು ಎಳೆಯ ಒಳಗೆ ಇಳಿಯುವುದಿಲ್ಲ, ಮೇಲೆ ಹೊಳಪು ಕೊಟ್ಟು ಸಿಕ್ಕು ಬಿಡಿಸುತ್ತದೆ ಅಷ್ಟೇ. ತಮಾಷೆ ಎಂದರೆ, ಮಲಸೇಜಿಯಾಕ್ಕೆ ಇದು ಊಟ ಅಲ್ಲ. ಗಟ್ಟಿಯಾಗಿ ಅಂಟಿದ ಸಿಪ್ಪೆ ಸಡಿಲಿಸಲು ಪರಿಮಳ ಇಲ್ಲದ ಮಿನರಲ್ ಆಯಿಲ್ ತೆಂಗಿನೆಣ್ಣೆಗಿಂತ ವಾಸಿ. ಕರ್ಪೂರ, ಪುದೀನ ಸತ್ವ ಹಾಕಿದ ತಂಪಿನ ಎಣ್ಣೆಗಳು ತುರಿಕೆಯನ್ನು ಅರ್ಧ ಗಂಟೆ ಮರೆಸುತ್ತವೆ. ಮೂಲ ಹಾಗೇ ಇರುತ್ತದೆ.

ತೊಳೆಯುವುದು: ಸೀಗೆಕಾಯಿ, ಗೊಂಪು, ಶಾಂಪೂ

ಮೊದಲು ಬೇಡವಾದದ್ದನ್ನು ತೆಗೆದುಹಾಕೋಣ. ಮೈಗೆ ಹಚ್ಚುವ ಸೋಪು ತಲೆಗೆ ಬೇಡ. ಸೋಪು ಕ್ಷಾರ, ಅದರ ಪಿಎಚ್ (ಹುಳಿ, ಕ್ಷಾರ ಅಳೆಯುವ ಲೆಕ್ಕ) 9ರಿಂದ 10ರ ಹತ್ತಿರ. ನೆತ್ತಿಯದು ಸುಮಾರು 5.5. ಕ್ಷಾರ ತಗುಲಿದರೆ ಎಳೆಯ ಮೇಲಿನ ಪದರ ಏಳುತ್ತದೆ. ಗಡಸು ನೀರಿನಲ್ಲಿ ಸೋಪು ನೊರೆಯಾಗುವ ಬದಲು ಬಿಳಿ ಅಂಟಾಗಿ ಕೂದಲಿಗೆ ಮೆತ್ತಿಕೊಳ್ಳುತ್ತದೆ.

ಸೀಗೆಕಾಯಿ, ಅಂಟುವಾಳ, ಹಳೆ ಮೈಸೂರು ಕಡೆಯ ಚಿಗರೆಪುಡಿ ಎಲ್ಲದರಲ್ಲೂ ಸಪೋನಿನ್ ಎಂಬ ನೊರೆ ಬರಿಸುವ ವಸ್ತು ಇದೆ. ಅಂಟುವಾಳ ಜೋರು, ಒಣಗಿಸುತ್ತದೆ. ಸೀಗೆಕಾಯಿ ಅದಕ್ಕಿಂತ ಸೌಮ್ಯ, ಸ್ವಲ್ಪ ಹುಳಿ ಗುಣದ್ದು, ಹಾಗಾಗಿ ಕ್ಷಾರದ ಸೋಪಿನ ಹಾಗೆ ಪದರ ಎಬ್ಬಿಸುವುದಿಲ್ಲ. ಆದರೆ ಇವು ಎಣ್ಣೆಸ್ನಾನಕ್ಕೆ ಜೊತೆಯಾಗಿ ಬಂದ ವಸ್ತುಗಳು ಅನ್ನುವುದನ್ನು ಮರೆಯಬಾರದು. ಎಣ್ಣೆ ಹಚ್ಚದೆ ಬರೀ ಸೀಗೆಪುಡಿ ಹಾಕಿ ತಿಕ್ಕಿದರೆ ಕೂದಲು ಬಿರುಸಾಗಿ ಬಾಚಣಿಗೆ ಇಳಿಯುವುದಿಲ್ಲ. ಅದಕ್ಕೇ ಹಿಂದಿನವರು ಜೊತೆಗೆ ಮೆಂತ್ಯ ಹಾಕಿ ಪುಡಿ ಮಾಡಿಸುತ್ತಿದ್ದರು. ಮೆಂತ್ಯದ ಲೋಳೆ ಸ್ವಲ್ಪ ಜಾರುವ ಗುಣ ಕೊಡುತ್ತದೆ.

ಇನ್ನೊಂದು ತೊಂದರೆ ಹೇಳಲೇಬೇಕು. ಪುಡಿ ನುಣ್ಣಗಿಲ್ಲದಿದ್ದರೆ ನೆತ್ತಿಯಲ್ಲಿ ಸಿಕ್ಕಿಕೊಂಡು ಒಣಗಿ ಉದುರುತ್ತದೆ. ಅದನ್ನೇ ಹೊಟ್ಟು ಅಂದುಕೊಂಡು ಇನ್ನಷ್ಟು ಸೀಗೆಪುಡಿ ಹಾಕುವವರಿದ್ದಾರೆ! ಉದ್ದ ಕೂದಲಿನವರು ಪುಡಿ ಕಲಸಿ ಹಚ್ಚುವುದಕ್ಕಿಂತ ಕಾಯಿಗಳನ್ನು ರಾತ್ರಿ ನೆನೆಸಿ, ಬೆಳಗ್ಗೆ ಕುದಿಸಿ, ಬಟ್ಟೆಯಲ್ಲಿ ಸೋಸಿದ ನೀರು ಬಳಸುವುದು ಒಳ್ಳೆಯದು. ಕಣ್ಣಿಗೆ ಬಿದ್ದರೆ ಉರಿ, ಅದು ನಿಮಗೆ ಗೊತ್ತಿದ್ದದ್ದೇ.

ಮಲೆನಾಡು, ಉತ್ತರ ಕನ್ನಡದ ಕಡೆಯ ಗೊಂಪು ನನಗೆ ಇವೆಲ್ಲಕ್ಕಿಂತ ಇಷ್ಟ. ದಾಸವಾಳದ ಎಲೆಯನ್ನು ನೀರಲ್ಲಿ ಕಿವುಚಿ ಸೋಸಿದರೆ ಬರುವ ಹಸಿರು ಲೋಳೆ ಅದು. ತೊಳೆಯುವ ಶಕ್ತಿ ಕಡಿಮೆ, ಆದರೆ ಕೂದಲಿನ ಉದ್ದಕ್ಕೆ ಮೆತ್ತನೆಯ ಜಾರು ಕೊಡುತ್ತದೆ. ಕಂಡಿಷನರ್ ಮಾಡುವ ಕೆಲಸವನ್ನೇ ಅರ್ಧಕ್ಕರ್ಧ ಮಾಡುತ್ತದೆ ಅನ್ನಬಹುದು. ಎಣ್ಣೆ ಜಾಸ್ತಿ ಹಚ್ಚಿದ್ದರೆ ಗೊಂಪಿಗೆ ಅದು ಬಿಡುವುದಿಲ್ಲ, ಸ್ವಲ್ಪ ಸೀಗೆಕಾಯಿ ಜೊತೆಗೆ ಬೇಕು. ಬೆಂಗಳೂರಿನ ಫ್ಲಾಟಿನಲ್ಲಿ ಸೋಮವಾರ ಬೆಳಗ್ಗೆ ಇದನ್ನೆಲ್ಲ ಮಾಡುವವರು ಯಾರು ಅಂತ ಕೇಳಿದರೆ, ನಿಜ, ಇದು ಭಾನುವಾರದ ಕೆಲಸವೇ.

ಸಲ್ಫೇಟ್ ಅಂದರೆ ಶಾಂಪೂವಿನಲ್ಲಿ ನೊರೆ ಬರಿಸಿ ಜಿಡ್ಡು ತೊಳೆಯುವ ವಸ್ತು. ಶಾಂಪೂಗಳಲ್ಲಿ ಸೋಡಿಯಂ ಲಾರಿಲ್ ಸಲ್ಫೇಟ್ ಇರುವವು ಹೆಚ್ಚು ಜೋರು. ಲಾರೆತ್ ಸಲ್ಫೇಟ್ ಇರುವವು ಅದಕ್ಕಿಂತ ಮೃದು. ಗ್ಲುಕೋಸೈಡ್, ಬೀಟೈನ್ ಮುಖ್ಯವಾಗಿರುವ ಸಲ್ಫೇಟ್ ಇಲ್ಲದ ಶಾಂಪೂ ಇನ್ನೂ ಮೃದು. ನೆತ್ತಿ ನಿಜವಾಗಿ ಒಣಗಿದ್ದರೆ, ಕೂದಲಿಗೆ ಬಣ್ಣ ಹಾಕಿಸಿದ್ದರೆ ಈ ಕೊನೆಯದು ಸರಿ. ಹೊಟ್ಟು ಇದ್ದು, ವಾರಕ್ಕೊಮ್ಮೆ ಎಣ್ಣೆ ಹಚ್ಚುವವರಿಗೆ ಅದು ಸಾಲುವುದಿಲ್ಲ. ಜಿಡ್ಡು ಪೂರ್ತಿ ಹೋಗದೆ ತುರಿಕೆ ಉಳಿಯುತ್ತದೆ. ಸಲ್ಫೇಟ್ ಅಂದರೆ ವಿಷ ಅನ್ನುವ ಹೆದರಿಕೆ ಬೇಡ. ಅದನ್ನು ನೆತ್ತಿಗೆ ಮಾತ್ರ ಹಚ್ಚಿ, ಒಂದು ಮಗ್ ನೀರಿನಲ್ಲಿ ಕಲಸಿಕೊಂಡು ಹಚ್ಚಿ. ತೊಳೆಯುವಾಗ ಇಳಿಯುವ ನೊರೆ ಜಡೆಗೆ ಧಾರಾಳ ಸಾಕು. ಜಡೆಯನ್ನು ಬಟ್ಟೆ ಒಗೆದ ಹಾಗೆ ಕುಕ್ಕುವುದು ಬೇಡವೇ ಬೇಡ. ಹರ್ಬಲ್ ಅಂತ ಬರೆದ ಬಾಟಲಿಯಲ್ಲೂ ಬಹುಪಾಲು ಇದೇ ಸಲ್ಫೇಟ್ ಇರುತ್ತದೆ, ಲೇಬಲ್ ತಿರುಗಿಸಿ ನೋಡಿ. ಹೊಸದನ್ನು ಪರೀಕ್ಷಿಸಲು ದೊಡ್ಡ ಬಾಟಲಿ ತರುವುದಕ್ಕಿಂತ ನಾಲ್ಕು ಸ್ಯಾಷೆ ತನ್ನಿ.

ಬಿಸಿ ನೀರು ನೆತ್ತಿಗೆ ಉಗುರು ಬೆಚ್ಚಗಿದ್ದರೆ ಸಾಕು. ಹಂಡೆಯ ಸುಡುನೀರು ಚಳಿಗಾಲದಲ್ಲಿ ಹಿತ ಅನ್ನಿಸುತ್ತದೆ, ಮಾರನೇ ದಿನ ಕೆರೆತ ಕೊಡುತ್ತದೆ.

ಹೊಟ್ಟಿನ ಔಷಧಿ ಶಾಂಪೂಗಳು

ಹೊಟ್ಟು ಅಂತ ಖಚಿತವಾದರೆ ಅಡುಗೆಮನೆ ಮದ್ದುಗಳಲ್ಲಿ ತಿಂಗಳು ಕಳೆಯುವುದಕ್ಕಿಂತ ನೇರ ಇಲ್ಲಿಗೆ ಬನ್ನಿ ಅನ್ನುವುದು ನನ್ನ ಅಭಿಪ್ರಾಯ.

ಕೀಟೊಕೊನಜೋಲ್ 2% ಇವುಗಳಲ್ಲಿ ಹೆಚ್ಚು ನಂಬಿಕೆಯದು. ಯೀಸ್ಟನ್ನೇ ಹಿಡಿಯುತ್ತದೆ. ಸಾಮಾನ್ಯವಾಗಿ ವಾರಕ್ಕೆ ಎರಡು ಸಲದಂತೆ ಎರಡರಿಂದ ನಾಲ್ಕು ವಾರ, ಆಮೇಲೆ ವಾರಕ್ಕೋ ಎರಡು ವಾರಕ್ಕೋ ಒಂದು ಸಲ ಹಾಕಲು ವೈದ್ಯರು ಹೇಳುತ್ತಾರೆ. ಹಚ್ಚಿದ ಮೇಲೆ 3ರಿಂದ 5 ನಿಮಿಷ ಬಿಡಬೇಕು. ಹಚ್ಚಿದ ಕೂಡಲೇ ತೊಳೆದು, ಕೆಲಸ ಮಾಡಲಿಲ್ಲ ಅನ್ನುವವರೇ ಜಾಸ್ತಿ. ಉದ್ದ ಕೂದಲಿನವರಿಗೆ ಇನ್ನೊಂದು ಸಮಸ್ಯೆ: ಶಾಂಪೂ ಕೂದಲ ಮೇಲೆಯೇ ನಿಲ್ಲುತ್ತದೆ, ಚರ್ಮಕ್ಕೆ ತಲುಪುವುದಿಲ್ಲ. ಒದ್ದೆ ಕೂದಲಲ್ಲಿ ಬೈತಲೆ ತೆಗೆದ ಹಾಗೆ ಸಾಲು ಸಾಲಾಗಿ ಬಿಡಿಸಿ, ಬೆರಳ ತುದಿಯಲ್ಲಿ ಗೆರೆಯ ಮೇಲೆ ಹಚ್ಚಿ. ಈ ಶಾಂಪೂ ಜಡೆಯನ್ನು ಒಣಗಿಸುತ್ತದೆ. ಅದಕ್ಕೆ ಮೊದಲೇ ಉದ್ದಕ್ಕೆ ಕೊಬ್ಬರಿ ಎಣ್ಣೆಯನ್ನೋ ಕಂಡಿಷನರನ್ನೋ ಸವರಿಕೊಂಡು ಕೂತರೆ ನೊರೆ ಇಳಿದರೂ ತೊಂದರೆ ಇಲ್ಲ.

ಜಿಂಕ್ ಪೈರಿಥಿಯೋನ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಹೊಟ್ಟಿನ ಶಾಂಪೂಗಳಲ್ಲಿ ಇರುವಂಥದ್ದು. ಸಣ್ಣ ಪ್ರಮಾಣದ ಹೊಟ್ಟಿಗೆ ಸಾಕು, ಕೂದಲಿಗೂ ಅಷ್ಟು ಒರಟಲ್ಲ. ಐರೋಪ್ಯ ಒಕ್ಕೂಟ 2022ರ ಮಾರ್ಚ್‌ನಿಂದ ಇದನ್ನು ಸೌಂದರ್ಯ ಸಾಮಗ್ರಿಗಳಲ್ಲಿ ನಿಷೇಧಿಸಿದೆ. ಅಲ್ಲಿನ ಕಾನೂನು ಸಂತಾನಶಕ್ತಿಗೆ ಹಾನಿಯಾಗಬಹುದು ಎಂಬ ವರ್ಗಕ್ಕೆ ಸೇರಿಸಿದ ವಸ್ತುವನ್ನು ತಾನಾಗಿ ಹೊರಗಿಡುತ್ತದೆ. ನಮ್ಮಲ್ಲಿ ಸಿಗುತ್ತದೆ. ಯೂರೋಪಿನಲ್ಲಿರುವ ಮಗಳಿಗೆ ಊರಿಂದ ಬಾಟಲಿ ಕಳಿಸುವವರು ಈಗ ಅಲ್ಲಿ ಅದೇ ಬ್ರ್ಯಾಂಡಿನಲ್ಲಿ ಅದರ ಬದಲಿಗೆ ಪಿರೊಕ್ಟೋನ್ ಒಲಮೈನ್ ಎಂಬ ಇನ್ನೊಂದು ಹೊಟ್ಟಿನ ಮದ್ದು ಇರುವುದನ್ನು ಕಾಣಬಹುದು.

ಸೆಲೆನಿಯಂ ಸಲ್ಫೈಡ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ವಾಸನೆ ಇದೆ, ಜಿಡ್ಡೂ ಆಗಬಹುದು. ಬಣ್ಣ ಹಾಕಿದ ಕೂದಲಿನ ಬಣ್ಣ ಕೆಡಿಸುತ್ತದೆ. ಸ್ಯಾಲಿಸಿಲಿಕ್ ಆಮ್ಲ ಯೀಸ್ಟಿಗಿಂತ ಹೆಚ್ಚಾಗಿ ಸಿಪ್ಪೆ ಬಿಡಿಸಲಿಕ್ಕೆ. ದಪ್ಪ ಪದರ ಕಟ್ಟಿದ್ದರೆ ಒಳ್ಳೆಯದು, ಒಣ ನೆತ್ತಿಗೆ ಬೇಡ. ಟಾರ್ ಶಾಂಪೂ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ವೈದ್ಯರು ಬರೆಯುವಂಥದ್ದು, ಸುಮ್ನೆ ಕೊಳ್ಳಬೇಡಿ. ಬಸುರಿ, ಬಾಣಂತಿಯರು ಇವುಗಳಲ್ಲಿ ಯಾವುದನ್ನೂ ಕೇಳದೆ ಹಚ್ಚಬಾರದು.

ನೈಸರ್ಗಿಕವೇ ಬೇಕು ಅನ್ನುವವರಿಗೆ ಟೀ ಟ್ರೀ ಎಣ್ಣೆಯ ಪರವಾಗಿ ಸ್ವಲ್ಪ ಆಧಾರ ಇದೆ. 2002ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ 126 ಜನ ಭಾಗವಹಿಸಿದ್ದರು. 5% ಟೀ ಟ್ರೀ ಶಾಂಪೂವಿನಿಂದ ನಾಲ್ಕು ವಾರದಲ್ಲಿ ಹೊಟ್ಟು 41% ಕಡಿಮೆಯಾಯಿತು. ಔಷಧಿ ಇಲ್ಲದ ಶಾಂಪೂ ಹಾಕಿದವರಲ್ಲಿ 11%. ಬೇವಿಗೆ ಇಷ್ಟು ನೇರವಾದ ಲೆಕ್ಕ ಕೊಡಲಾರೆ. ಟೀ ಟ್ರೀ ಎಣ್ಣೆಯನ್ನು ಹಾಗೇ ನೆತ್ತಿಗೆ ಹಚ್ಚಿದರೆ ಸುಡುತ್ತದೆ, ಅಲರ್ಜಿಯೂ ಆಗುತ್ತದೆ.

ಅಡುಗೆಮನೆಯ ಉಳಿದವುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನಿಂಬೆಹಣ್ಣು ಬೇಡ, ಅದರ ಹುಳಿ ಕೆರೆದ ಗಾಯಕ್ಕೆ ಉರಿ. ಮೊಸರು ಒಣ ಕೂದಲಿಗೆ ಹಿತ, ನೆತ್ತಿಗೆ ಔಷಧಿಯಲ್ಲ. ಲೋಳೆಸರ ಒಣ ನೆತ್ತಿಯ ಬಿಗಿತಕ್ಕೆ ಚೆನ್ನ, ಆದರೆ ಗಿಡದಿಂದ ಕೊಯ್ದಾಗ ಒಸರುವ ಹಳದಿ ರಸ ತೊಳೆದು ಒಳಗಿನ ತಿರುಳು ಮಾತ್ರ ಹಚ್ಚಿ. ಮೊಟ್ಟೆ ಹಚ್ಚಿ ಬಿಸಿ ನೀರು ಹಾಕಿಕೊಂಡರೆ ಏನಾಗುತ್ತದೆ ಅಂತ ಒಮ್ಮೆ ನೋಡಿದವರು ಮತ್ತೆ ಹಚ್ಚುವುದಿಲ್ಲ.

ನೀರನ್ನೂ ಲೆಕ್ಕಕ್ಕೆ ತಗೊಳ್ಳಿ

ಮನೆ ಬದಲಿಸಿದ ಮೇಲೆ ಕೂದಲು ಕೆಟ್ಟಿತು ಅನ್ನುವ ಮಾತು ಬೆಂಗಳೂರಿನಲ್ಲಿ ದಿನಾ ಕೇಳುತ್ತದೆ. ಕಾವೇರಿ ನೀರು ಬರುವ ಬೀದಿಯಿಂದ ಬೋರ್‌ವೆಲ್, ಟ್ಯಾಂಕರ್ ನಂಬಿದ ಬಡಾವಣೆಗೆ ಹೋದವರು ವ್ಯತ್ಯಾಸ ಬೇಗ ಗಮನಿಸುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು ಅಂತ ಇದೆ. ನಲ್ಲಿ, ಬಕೆಟ್ ಮೇಲೆ ಬಿಳಿ ಪೊರೆ ಕಟ್ಟುತ್ತಿದ್ದರೆ ಅದೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮೇಲೂ ಕೂರುತ್ತದೆ. ಕೂದಲು ಒರಟಾಗುತ್ತದೆ, ನೊರೆ ಸರಿಯಾಗಿ ಬರದೆ ಶಾಂಪೂ ಜಾಸ್ತಿ ಸುರಿಯುತ್ತೇವೆ, ನೆತ್ತಿ ಇನ್ನೂ ಒಣಗುತ್ತದೆ. ಕೂದಲು ಬುಡದಿಂದ ಉದುರುವುದಕ್ಕೆ ಮಾತ್ರ ನೀರನ್ನೇ ದೂರುವುದು ಸರಿಯಲ್ಲ. ಅದಕ್ಕೆ ಬೇರೆ ಕಾರಣಗಳು ಇರುತ್ತವೆ.

ಪರಿಹಾರಗಳಲ್ಲಿ ನಲ್ಲಿಗೆ, ಷವರಿಗೆ ಸಿಕ್ಕಿಸುವ ಚಿಕ್ಕ ಫಿಲ್ಟರಿಗೆ ದುಡ್ಡು ಹಾಕುವ ಮೊದಲು ಯೋಚಿಸಿ. ಅವು ಮಣ್ಣು, ಕ್ಲೋರಿನ್ ಹಿಡಿಯಬಹುದು, ಗಡಸುತನ ಅಷ್ಟಾಗಿ ಇಳಿಯುವುದಿಲ್ಲ. ನಿಜವಾಗಿ ಇಳಿಸುವುದು ಉಪ್ಪು ಹಾಕಿ ನಡೆಸುವ ರೆಸಿನ್ ಸಾಫ್ಟನರ್. ಬಾಡಿಗೆ ಮನೆಯವರಿಗೆ ಅದು ದುಬಾರಿ, ಜಾಗವೂ ಬೇಕು. ಅಗ್ಗದ ದಾರಿ ಒಂದಿದೆ: ಬೋರ್‌ವೆಲ್ ನೀರಲ್ಲೇ ತೊಳೆದು, ಕೊನೆಯ ಎರಡು ಮಗ್ ಮಾತ್ರ ಶೇಖರಿಸಿದ ಮಳೆನೀರು ಅಥವಾ ಆರ್‌ಒ ನೀರು ಹಾಕಿಕೊಳ್ಳಿ. ಇದರ ಜೊತೆಗೆ ತಿಂಗಳಿಗೆ ಒಂದೆರಡು ಸಲ ಕ್ಯಾಲ್ಸಿಯಂ ಹಿಡಿದು ಬಿಡಿಸುವ ಇಡಿಟಿಎ ಎಂಬ ವಸ್ತು ಇರುವ ಶಾಂಪೂ ಹಾಕಿದರೆ ಕೂತ ಪೊರೆ ಸಡಿಲವಾಗುತ್ತದೆ. ಕೂದಲ ವಿಷಯದಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಬೇಗ ವ್ಯತ್ಯಾಸ ಕಾಣುವ ಉಪಾಯ ಇನ್ನೊಂದಿಲ್ಲ.

ಕೆದರುವ ಕೂದಲಿಗೆ: ಕಂಡಿಷನರ್, ಸೀರಮ್, ಕೆರಾಟಿನ್

ಎಳೆಯ ಮೇಲ್ಪದರ ಮಂಗಳೂರು ಹಂಚಿನ ಮಾಡಿನ ಹಾಗೆ, ಒಂದರ ಮೇಲೊಂದು ಹೊದಿಸಿದ ಬಿಲ್ಲೆಗಳು. ಬಿಲ್ಲೆ ಎದ್ದರೆ, ಮುರಿದರೆ ಗಾಳಿಯ ತೇವ ಒಳಗೆ ನುಗ್ಗಿ ಎಳೆ ಉಬ್ಬುತ್ತದೆ, ಸೊಟ್ಟಗಾಗುತ್ತದೆ. ಮಂಗಳೂರು, ಕಾರವಾರದಲ್ಲಿ ಮಳೆಗಾಲದ ಕೂದಲು ಹಾಗಾಗುವುದು ಇದಕ್ಕೇ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕಥೆ ಉಲ್ಟಾ. ಅಲ್ಲಿ ಕೂದಲಲ್ಲಿದ್ದ ತೇವವೇ ಹಾರಿಹೋಗಿ ಎಳೆಗಳು ಒಂದನ್ನೊಂದು ತಳ್ಳಿ ನಿಲ್ಲುತ್ತವೆ.

ಒಂದೇ ಒಂದು ವಸ್ತು ಕೊಳ್ಳುವುದಾದರೆ ಕಂಡಿಷನರ್ ಕೊಳ್ಳಿ. ಹಾಳಾದ ಕೂದಲು ಋಣ ವಿದ್ಯುತ್ ಹೊತ್ತಿರುತ್ತದೆ, ಕಂಡಿಷನರಿನ ಕಣಗಳು ಧನ. ಹಾಳಾದ ಕಡೆಯೇ ಹೆಚ್ಚು ಹೋಗಿ ಅಂಟಿಕೊಳ್ಳುತ್ತವೆ. ಕಿವಿಯಿಂದ ಕೆಳಗೆ ಹಚ್ಚಿ, ಅದು ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ, ಆಮೇಲೆ ತೊಳೆಯಿರಿ.

ಸೀರಮ್ ಅಂದರೆ ಬಹುಪಾಲು ಸಿಲಿಕೋನ್. ಮೇಲೆ ತೆಳು ಪೊರೆ ಕಟ್ಟಿ ಗಾಳಿಯ ತೇವ ತಡೆಯುತ್ತದೆ. ಕರಾವಳಿಯವರಿಗೆ, ಮಳೆಗಾಲಕ್ಕೆ ಇದು ಒಳ್ಳೆಯ ಆಯ್ಕೆ. ಒದ್ದೆ ಕೂದಲಿಗೆ ಎರಡು ಮೂರು ಹನಿ, ಅಷ್ಟೇ. ಆದರೆ ಬರೀ ಸೀಗೆಕಾಯಿ ಬಳಸುವವರು ಸೀರಮ್ ಹಚ್ಚದಿರುವುದು ವಾಸಿ, ಸೀಗೆಕಾಯಿಗೆ ಅದು ಸರಿಯಾಗಿ ಬಿಡುವುದಿಲ್ಲ. ಗ್ಲಿಸರಿನ್ ಹೆಚ್ಚಿರುವ, ಹಚ್ಚಿ ತೊಳೆಯದೆ ಬಿಡುವ ಲೀವ್-ಇನ್ ಕ್ರೀಮುಗಳು ತುಂಬಾ ತೇವ ಇರುವ ಊರಿನಲ್ಲಿ ಕೂದಲನ್ನು ಇನ್ನಷ್ಟು ಉಬ್ಬಿಸಬಹುದು. ತೊಳೆದ ಕೂದಲು ಅರ್ಧ ಒಣಗಿದಾಗ ಅಂಗೈಯಲ್ಲಿ ಒಂದೆರಡು ಹನಿ ಕೊಬ್ಬರಿ ಎಣ್ಣೆ ತಿಕ್ಕಿ ತುದಿಗೆ ಸವರುವುದು ಬಡವರ ಸೀರಮ್. ಒಣ ಊರಿಗೆ ಇದು ಚೆನ್ನಾಗಿ ಒಪ್ಪುತ್ತದೆ.

ಕೆರಾಟಿನ್, ಸ್ಟ್ರೇಟನಿಂಗ್ ಬಗ್ಗೆ ನನ್ನ ನಿಲುವು ನೇರ: ತಲೆ ತುರಿಸುತ್ತಿರುವಾಗ, ಹೊಟ್ಟು ಇರುವಾಗ ಮಾಡಿಸಲೇಬೇಡಿ. ಕೂದಲು ನುಣುಪಾಗುವುದು ನಿಜ, ಕೆಲವು ತಿಂಗಳು ಉಳಿಯುವುದೂ ನಿಜ. ಆದರೆ ಕೆಲಸ ಮಾಡುವುದು ಹೆಸರಿನಲ್ಲಿರುವ ಕೆರಾಟಿನ್ ಅಲ್ಲ. ಫಾರ್ಮಾಲ್ಡಿಹೈಡ್ ಬಿಡುವ ರಾಸಾಯನಿಕ, ಅಥವಾ ಅದರ ಬದಲಿಗೆ ಬಂದ ಗ್ಲೈಆಕ್ಸಿಲಿಕ್ ಆಮ್ಲ, ಜೊತೆಗೆ ಇಸ್ತ್ರಿಯ ಬಿಸಿ. ಎರಡನೆಯದು ಸುರಕ್ಷಿತ ಅಂತ ಮಾರುತ್ತಿದ್ದರು. 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಫ್ರಾನ್ಸಿನ ವೈದ್ಯರು ಒಂದು ಪ್ರಕರಣ ಬರೆದರು. ಟುನೀಷಿಯಾದ ಪಾರ್ಲರಿನಲ್ಲಿ ಸ್ಟ್ರೇಟನಿಂಗ್ ಮಾಡಿಸಿಕೊಂಡ ಪ್ರತಿ ಸಲವೂ 26 ವರ್ಷದ ಒಬ್ಬ ಯುವತಿಯ ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು. ಆ ಕ್ರೀಮಿನಲ್ಲಿ ಇದ್ದದ್ದು ಗ್ಲೈಆಕ್ಸಿಲಿಕ್ ಆಮ್ಲ. ಹಚ್ಚುವಾಗ ಅವಳ ನೆತ್ತಿ ಉರಿದು ಹುಣ್ಣಾಗಿತ್ತು ಅನ್ನುವುದನ್ನು ಗಮನಿಸಿ. ಮದುವೆಗೆ ಮಾಡಿಸಿಯೇ ತೀರುತ್ತೇನೆ ಅನ್ನುವವರು ಬಾಟಲಿಯ ಹೆಸರು ಕೇಳಿ, ಲೇಬಲ್ಲಿನ ಫೋಟೋ ತೆಗೆದುಕೊಳ್ಳಿ. ತೋರಿಸದ ಪಾರ್ಲರಿನಿಂದ ಎದ್ದು ಬನ್ನಿ.

ದುಡ್ಡಿಲ್ಲದ ಉಪಾಯಗಳೂ ಇವೆ. ಒದ್ದೆ ಕೂದಲನ್ನು ದಪ್ಪ ಟವೆಲಿನಲ್ಲಿ ಗಸಗಸ ಒರೆಸುವ ಬದಲು ಹಳೆ ಕಾಟನ್ ಪಂಚೆಯಲ್ಲಿ ಸುತ್ತಿ ಒತ್ತಿ. ಒದ್ದೆಯಲ್ಲೇ ತುರುಬು ಕಟ್ಟಬೇಡಿ, ಎಳೆ ತುಂಡಾಗುತ್ತದೆ, ನೆತ್ತಿಯೂ ಗಂಟೆಗಟ್ಟಲೆ ಒದ್ದೆ ಇರುತ್ತದೆ. ರಾತ್ರಿ ಸಡಿಲ ಜಡೆ ಹಾಕಿ ಮಲಗಿ. ದಿಂಬಿಗೆ ಹಳೆ ರೇಷ್ಮೆ ಸೀರೆಯ ತುಂಡು ಹೊದಿಸಿದರೆ ಸಾಕು, ಸಾವಿರ ರೂಪಾಯಿಯ ದಿಂಬಿನ ಚೀಲ ಬೇಕಿಲ್ಲ. ಇನ್ನೊಂದು, ನಿಮ್ಮದು ಹುಟ್ಟಾ ಅಲೆಯಲೆಯಾದ ಕೂದಲೋ ಅಂತ ನೋಡಿಕೊಳ್ಳಿ. ಅಂಥ ಕೂದಲನ್ನು ಒಣಗಿದ ಮೇಲೆ ಬಾಚಿದರೆ ಕೆದರಿಯೇ ಕೆದರುತ್ತದೆ. ಒದ್ದೆಯಲ್ಲಿ ಕಂಡಿಷನರ್ ಜೊತೆ ಬಾಚಿ, ಒಣಗಿದ ಮೇಲೆ ಮುಟ್ಟದೆ ಬಿಟ್ಟರೆ ಅರ್ಧ ತೊಂದರೆ ಅಲ್ಲೇ ಮುಗಿಯಿತು. ಕವಲೊಡೆದ ತುದಿಗೆ ಮಾತ್ರ ಯಾವ ಸೀರಮ್ಮೂ ಇಲ್ಲ, ಕತ್ತರಿಯೇ ಮದ್ದು.

ಬಾಟಲಿ ಬಿಟ್ಟು ವೈದ್ಯರ ಹತ್ತಿರ ಹೋಗಬೇಕಾದಾಗ

ಔಷಧಿ ಶಾಂಪೂವನ್ನು ಸರಿಯಾಗಿ ನಾಲ್ಕು ವಾರ ಹಾಕಿದರೂ ಕಡಿಮೆಯಾಗದಿದ್ದರೆ ಚರ್ಮವೈದ್ಯರನ್ನು ನೋಡಿ. ಬೆಳ್ಳಿ ಬಣ್ಣದ ದಪ್ಪ ಸಿಪ್ಪೆ ಕೂದಲ ಗೆರೆ ದಾಟಿ ಹಣೆಗೆ ಬಂದಿದ್ದರೆ, ಮೊಣಕೈ ಮೊಣಕಾಲಿನಲ್ಲೂ ಇದ್ದರೆ ಸೋರಿಯಾಸಿಸ್ ಇರಬಹುದು. ಮಕ್ಕಳ ತಲೆಯಲ್ಲಿ ದುಂಡಗೆ ಕೂದಲು ಉದುರಿ ಸಿಪ್ಪೆ ಎದ್ದಿದ್ದರೆ ಅದು ಹುಳುಕಡ್ಡಿ, ಅದಕ್ಕೆ ನುಂಗುವ ಮಾತ್ರೆಯೇ ಬೇಕು. ಕೂದಲು, ಚರ್ಮ ಎರಡೂ ಒಣಗಿ, ಸುಸ್ತು, ಮೈ ತೂಕ ಜಾಸ್ತಿ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಬಣ್ಣ ಹಾಕಿಕೊಂಡ ಒಂದೆರಡು ದಿನದಲ್ಲಿ ನೆತ್ತಿ, ಹಣೆ, ಕಣ್ಣಿನ ರೆಪ್ಪೆ ಊದಿ ತುರಿಸಿದರೆ ಅದು ಹೊಟ್ಟಲ್ಲ, ಪಿಪಿಡಿ ಅನ್ನುವ ಬಣ್ಣದ ವಸ್ತುವಿನ ಅಲರ್ಜಿ. ಕಪ್ಪು ಮೆಹಂದಿ ಅಂತ ಮಾರುವ ಪೊಟ್ಟಣಗಳಲ್ಲಿ ಮೆಹಂದಿಗಿಂತ ಇದೇ ಕೆಲಸ ಮಾಡುತ್ತಿರುತ್ತದೆ. ಒಮ್ಮೆ ಹೀಗಾದವರು ಮತ್ತೆ ಹಚ್ಚಬಾರದು, ಮುಂದಿನ ಸಲ ಇನ್ನೂ ಜೋರಾಗಿ ಬರಬಹುದು.

ವೈದ್ಯರ ಹತ್ತಿರ ಹೋಗುವ ದಿನ ಎಣ್ಣೆ ಹಚ್ಚಬೇಡಿ. ಹಿಂದಿನ ಎರಡು ದಿನ ತಲೆಗೆ ನೀರು ಹಾಕಿಕೊಳ್ಳಲೂ ಬೇಡಿ, ಸಿಪ್ಪೆ ಹೇಗಿದೆ ಅಂತ ಅವರು ನೋಡಬೇಕು. ಹಚ್ಚುತ್ತಿರುವ ಎಣ್ಣೆ, ಶಾಂಪೂ, ಬಣ್ಣದ ಪೊಟ್ಟಣ ಎಲ್ಲದರ ಹಿಂಬದಿಯ ಫೋಟೋ ಫೋನಿನಲ್ಲಿ ಇಟ್ಟುಕೊಂಡು ಹೋಗಿ.